ಲೋಡರ್‌ಗೆ ಗ್ರಾಪಲ್ ಹಾಕಬೇಕು, ಎಣ್ಣೆ ಎಲ್ಲಿಂದ ತರೋದು?

ತೋಟದಮನೆ_ಚನ್ನಗಿರಿ
ಎಲ್ಲರಿಗೂ ನಮಸ್ಕಾರ. ನನ್ನದು 24 ಎಚ್‌ಪಿ, ಫೋರ್ ವೀಲ್ ಡ್ರೈವ್ ಮಿನಿ ಟ್ರ್ಯಾಕ್ಟರ್. ಹೋದ ವರ್ಷ ಮುಂದೆ ಲೋಡರ್ ಕೂರಿಸಿದೆ. ಕೊಟ್ಟಿಗೆ ಗೊಬ್ಬರ, ಕೆರೆ ಗೋಡು ಎತ್ತುವುದಕ್ಕೆ ಏನೂ ತಕರಾರಿಲ್ಲ. ತಲೆನೋವು ಅಡಕೆ ಸೋಗೆ ಮತ್ತು ತೆಂಗಿನ ಗರಿಯದು. ಬಕೆಟ್‌ನಲ್ಲಿ ಹತ್ತು ಗರಿ ಎತ್ತಿದರೆ ರಾಶಿ ಹತ್ತಿರ ಹೋಗುವಷ್ಟರಲ್ಲಿ ನಾಲ್ಕು ಉಳಿದಿರುತ್ತವೆ. ಬಿದ್ದದ್ದನ್ನು ಆಯಲು ಹಿಂದೆ ಒಬ್ಬ ಆಳು ಬೇಕು. ಆಳು ಸಿಗುವ ಹಾಗಿದ್ದರೆ ಲೋಡರ್ ಯಾಕೆ ತರುತ್ತಿದ್ದೆ!

ಅದಕ್ಕೆ ಬಕೆಟ್ ಮೇಲಿಂದ ಬಂದು ಅವುಚಿ ಹಿಡಿಯುವ ಗ್ರಾಪಲ್ ಮಾಡಿಸೋಣ ಅಂತ. ಕಬ್ಬಿಣದ ಕೆಲಸ ನಮ್ಮೂರ ವೆಲ್ಡಿಂಗ್ ಅಂಗಡಿಯವನು ಮಾಡುತ್ತಾನೆ. ಒಂದು ಸಿಲಿಂಡರ್ ಸಾಕು. ಪ್ರಶ್ನೆ ಇರುವುದು ಅದನ್ನು ಆಡಿಸುವ ಹೈಡ್ರಾಲಿಕ್ ಎಣ್ಣೆಯದು. ಲೋಡರ್ ವಾಲ್ವ್‌ಗೆ ಒಂದೇ ಜಾಯ್‌ಸ್ಟಿಕ್, ಎರಡೇ ಕೆಲಸ. ತೋಳು ಎತ್ತುವುದು ಇಳಿಸುವುದು ಒಂದು, ಬಕೆಟ್ ಮಡಚುವುದು ಸುರಿಯುವುದು ಇನ್ನೊಂದು. ಮೂರನೆಯದಕ್ಕೆ ಜಾಗವಿಲ್ಲ.

"ಪಂಪಿನ ಪೈಪಿಗೆ ಒಂದು ಟಿ ಹಾಕಿ ಅಲ್ಲಿಂದ ಸಿಂಗಲ್ ವಾಲ್ವ್ ಕೊಡೋಣ, ಅರ್ಧ ದಿನದ ಕೆಲಸ" ಅನ್ನುತ್ತಾನೆ ವೆಲ್ಡಿಂಗ್ ಅಂಗಡಿಯವನು. ಟ್ರ್ಯಾಕ್ಟರ್ ಕೊಟ್ಟವರು ಏನನ್ನೂ ಮುಟ್ಟಬೇಡಿ ಅನ್ನುತ್ತಾರೆ. ನನ್ನ ಭಾಮೈದ ಕರೆಂಟ್ ವಾಲ್ವ್ ಅಂತ ಏನೋ ಹೇಳುತ್ತಾನೆ. ಮಾಡಿಸಿದವರು ಯಾರಾದರೂ ಇದ್ದೀರಾ?

ಪಲ್ಟಿನೇಗಿಲು_ಮುಧೋಳ
ಇಷ್ಟಕ್ಕೆ ಯಾಕ್ರೀ ತಲೆ ಕೆಡಿಸಿಕೊಳ್ಳುತ್ತೀರಿ? ನಮ್ಮ ಕಡೆ ಹೈಡ್ರಾಲಿಕ್ ಪಲ್ಟಿ ನೇಗಿಲಿಗೆ ಅಂತ ಬಹಳ ಜನ ಹಿಂದೆ ಡಬಲ್ ಆಕ್ಟಿಂಗ್ ಡಿಸಿವಿ, ಅಂದರೆ ಎಣ್ಣೆಯನ್ನು ಎರಡೂ ದಿಕ್ಕಿಗೆ ಕಳಿಸುವ ಲಿವರ್ ವಾಲ್ವ್, ಹಾಕಿಸಿರುತ್ತಾರೆ. ಅದರಿಂದ ಎರಡು ಹೋಸ್ ಮುಂದಕ್ಕೆ ಎಳೆದರೆ ಮುಗೀತು. ಹೊಸ ವಾಲ್ವ್ ಬೇಡ, ಕರೆಂಟ್ ಬೇಡ, ಏನೂ ಬೇಡ. ನಾನು ಇದೇ ರೀತಿ ಮಾಡಿಕೊಂಡು ಮೂರು ಹಂಗಾಮು ಕಬ್ಬಿನ ರವದಿ ಎತ್ತಿದ್ದೇನೆ.

ಸುಮ್ನೆ_ಓದುವವ
ಟಿ ಹಾಕಬೇಡಿ. ಕಾರಣ ಹಿರಿಯರು ಹೇಳುತ್ತಾರೆ. ನಾನು ಹಾಕಿ ನೋಡಿದವನು, ಅಷ್ಟೇ.

ಹಳೇಫಿಟ್ಟರ್_ಕೆಜಿಎಫ್
ಟಿ ವಿಷಯ ನಾನು ಹೇಳುತ್ತೇನೆ. ಮೂವತ್ತು ವರ್ಷ ಬುಲ್ಡೋಜರ್ ಹೈಡ್ರಾಲಿಕ್ಸ್ ಬಿಚ್ಚಿ ಜೋಡಿಸಿದ ಕೈ ಇದು. ಈಗ ರಿಟೈರ್ ಆಗಿ ಮನೆಯಲ್ಲಿ ಕೂತಿದ್ದೇನೆ, ಹಾಗಾಗಿ ಉತ್ತರ ಸ್ವಲ್ಪ ಉದ್ದ. ಓದಿ.

ಇಂಥ ಸಣ್ಣ ಟ್ರ್ಯಾಕ್ಟರ್‌ಗಳಲ್ಲಿ ಸಾಮಾನ್ಯವಾಗಿ ಗೇರ್ ಪಂಪ್ ಇರುತ್ತದೆ. ಎಂಜಿನ್ ತಿರುಗುವವರೆಗೂ ಅದು ಎಣ್ಣೆ ತಳ್ಳುತ್ತಲೇ ಇರುತ್ತದೆ, ನಿಲ್ಲಿಸುವುದಕ್ಕೆ ಬರುವುದಿಲ್ಲ. ನೀವು ಲಿವರ್ ಮುಟ್ಟದೆ ಇದ್ದಾಗ ಆ ಎಣ್ಣೆ ವಾಲ್ವ್‌ನ ನಡುವಿನ ದಾರಿಯಲ್ಲಿ ಹಾಯ್ದು ಮುಂದಕ್ಕೆ ಹೋಗುತ್ತದೆ. ಇದಕ್ಕೆ ಓಪನ್ ಸೆಂಟರ್ ಅನ್ನುತ್ತಾರೆ. ಲಿವರ್ ಎಳೆದಾಗ ನಡುವಿನ ದಾರಿ ಮುಚ್ಚುತ್ತದೆ, ಎಣ್ಣೆಗೆ ಬೇರೆ ದಿಕ್ಕಿಲ್ಲದೆ ಸಿಲಿಂಡರ್‌ಗೆ ನುಗ್ಗುತ್ತದೆ. ಒತ್ತಡ ಹುಟ್ಟುವುದು ಆಗ ಮಾತ್ರ.

ಈಗ ಟಿ ಹಾಕಿ ಇನ್ನೊಂದು ಓಪನ್ ಸೆಂಟರ್ ವಾಲ್ವ್ ಕೊಟ್ಟಿರಿ ಅಂತಿಟ್ಟುಕೊಳ್ಳಿ. ಎರಡು ಬಾಗಿಲಿನ ಕೊಟ್ಟಿಗೆಯಲ್ಲಿ ಒಂದು ಬಾಗಿಲಿಗೆ ಅಗಳಿ ಹಾಕಿದರೆ ಹಸು ನಿಲ್ಲುತ್ತದೆಯೇ? ಲೋಡರ್ ಲಿವರ್ ಎಳೆದರೆ ಎಣ್ಣೆ ಎರಡನೇ ವಾಲ್ವ್‌ನ ತೆರೆದ ದಾರಿಯಿಂದ ಟ್ಯಾಂಕಿಗೆ ಓಡುತ್ತದೆ. ಗ್ರಾಪಲ್ ಲಿವರ್ ಎಳೆದರೆ ಲೋಡರ್ ವಾಲ್ವ್‌ನಿಂದ ಓಡುತ್ತದೆ. ತೋಳೂ ಏಳುವುದಿಲ್ಲ, ಗ್ರಾಪಲ್ಲೂ ಹಿಡಿಯುವುದಿಲ್ಲ. ಒಂದರ ಹಿಂದೆ ಒಂದು ಸಾಲಾಗಿ ಕೊಡಬೇಕು, ಪಕ್ಕಪಕ್ಕದಲ್ಲಿ ಅಲ್ಲ.

ತೋಟದಮನೆಯವರೇ, ಮೊದಲು ಎರಡು ವಿಷಯ ತಿಳಿಸಿ. ಲೋಡರ್‌ಗೆ ಎಣ್ಣೆ ಬರುವುದು ಟ್ರ್ಯಾಕ್ಟರ್‌ನ ಸ್ವಂತ ಪಂಪಿನಿಂದಲೋ, ಬೇರೆ ಪಂಪು ಟ್ಯಾಂಕು ಕೂರಿಸಿದ್ದಾರೋ? ಲೋಡರ್ ವಾಲ್ವ್‌ಗೆ ಒಟ್ಟು ಎಷ್ಟು ಪೈಪುಗಳಿವೆ? ಕೂತು ಎಣಿಸಿ.

ಸುಮ್ನೆ_ಓದುವವ
ಹಸು ಉದಾಹರಣೆ ಸರಿಯಾಗಿದೆ. ನನ್ನದು ಓಡಿಹೋಗಿತ್ತು.

ತೋಟದಮನೆ_ಚನ್ನಗಿರಿ
ಎಣಿಸಿದೆ ಸರ್. ಏಳು. ನಾಲ್ಕು ಮುಂದಕ್ಕೆ ಸಿಲಿಂಡರ್‌ಗಳಿಗೆ ಹೋಗುತ್ತವೆ. ಒಂದು ಪಂಪಿನಿಂದ ಬರುತ್ತದೆ. ಉಳಿದ ಎರಡರಲ್ಲಿ ಒಂದು ಹಿಂದಿನ ಲಿಫ್ಟ್ ಕಡೆ ಹೋಗುತ್ತದೆ, ಇನ್ನೊಂದು ಗೇರ್‌ಬಾಕ್ಸ್ ಮೇಲಿನ ಮುಚ್ಚಳಕ್ಕೆ. ಪಂಪು ಟ್ರ್ಯಾಕ್ಟರ್‌ನದೇ. ಪುಸ್ತಕದಲ್ಲಿ ನಿಮಿಷಕ್ಕೆ 20 ಲೀಟರ್ ಅಂತ ಕೊಟ್ಟಿದ್ದಾರೆ.

ಪಲ್ಟಿನೇಗಿಲು ಅಣ್ಣ, ನನ್ನದಕ್ಕೆ ಡಿಸಿವಿ ಇಲ್ಲ. ಹಿಂದೆ ಟಿಪ್ಪಿಂಗ್ ಟ್ರೈಲರ್‌ಗೆ ಅಂತ ಒಂದೇ ಒಂದು ಪಾಯಿಂಟ್ ಇದೆ.

ಹಳೇಫಿಟ್ಟರ್_ಕೆಜಿಎಫ್
ಏಳು ಅಂದರೆ ಒಳ್ಳೆಯದು. ಲಿಫ್ಟ್ ಕಡೆ ಹೋಗುವುದು ಪವರ್ ಬಿಯಾಂಡ್, ಅಂದರೆ ಒತ್ತಡ ಹೊತ್ತುಕೊಂಡು ಮುಂದಿನ ವಾಲ್ವ್‌ಗೆ ಹೋಗುವ ಪೈಪು. ಗೇರ್‌ಬಾಕ್ಸ್‌ಗೆ ಹೋಗುವುದು ಟ್ಯಾಂಕ್ ಪೈಪು, ಅದರಲ್ಲಿ ಒತ್ತಡ ಇರಬಾರದು. ಹೊಸ ವಾಲ್ವ್ ಹಾಕುವುದಾದರೆ ಪವರ್ ಬಿಯಾಂಡ್ ಪೈಪನ್ನು ಬಿಡಿಸಿ ನಡುವೆ ಸೇರಿಸಬೇಕು. ಹೊಸ ವಾಲ್ವ್‌ಗೂ ಪವರ್ ಬಿಯಾಂಡ್ ತೂತು ಇರಲೇಬೇಕು. ಅದರಿಂದ ಲಿಫ್ಟ್‌ಗೆ ಒಂದು ಪೈಪು, ಟ್ಯಾಂಕಿಗೆ ಬೇರೆ ಪೈಪು. ಕೆಲವರು ಮಾಮೂಲಿ ವಾಲ್ವ್ ತಂದು ಅದರ ಟ್ಯಾಂಕ್ ತೂತಿನಿಂದಲೇ ಲಿಫ್ಟ್‌ಗೆ ಕೊಡುತ್ತಾರೆ. ಲಿಫ್ಟ್‌ನಲ್ಲಿ ಭಾರ ಎತ್ತಿದ ಕೂಡಲೇ ಆ ವಾಲ್ವ್‌ನ ರಿಟರ್ನ್ ಕಡೆಗೂ ಪೂರ್ತಿ ಒತ್ತಡ ಬೀಳುತ್ತದೆ. ಸೀಲು ಹಾರಿದರೆ ಪುಣ್ಯ, ಬಾಡಿ ಸೀಳಿದರೆ ಕರ್ಮ.

ನಾರ್ತ್‌ಕೆರೊಲಿನಾ_ಮಂಜ
ನಮಸ್ಕಾರ. ಹುಟ್ಟಿದ್ದು ಹಾಸನ ಜಿಲ್ಲೆ, ಈಗ ಇರುವುದು ಅಮೆರಿಕದಲ್ಲಿ. ಇಲ್ಲೂ ನನಗೆ ಆರು ಎಕರೆ ಮತ್ತು ಒಂದು ಸಣ್ಣ ಕುಬೋಟಾ ಇದೆ. ಚಂಡಮಾರುತಕ್ಕೆ ಬಿದ್ದ ಓಕ್ ಕೊಂಬೆ ಎತ್ತುವುದೇ ಕೆಲಸ. ಇಲ್ಲಿ ಇದಕ್ಕೆ ಥರ್ಡ್ ಫಂಕ್ಷನ್ ಅನ್ನುತ್ತಾರೆ, ಪೂರ್ತಿ ಕಿಟ್ ಡಬ್ಬಿಯಲ್ಲಿ ಬರುತ್ತದೆ. ಎರಡು ಜಾತಿ ಇವೆ.

ಒಂದು, ಫಿಟ್ಟರ್ ಸರ್ ಹೇಳಿದ ಹಾಗೆ ಬೇರೆಯೇ ವಾಲ್ವ್. ಜಾಯ್‌ಸ್ಟಿಕ್ ಮೇಲಿನ ಎರಡು ಬಟನ್‌ನಿಂದ ನಡೆಯುತ್ತದೆ. ಒಂದು ಬಟನ್ ತೆಗೆ, ಇನ್ನೊಂದು ಮುಚ್ಚು.

ಇನ್ನೊಂದು ಡೈವರ್ಟರ್. ಇದು ಎಣ್ಣೆ ಹೊಸದಾಗಿ ತರುವುದಿಲ್ಲ, ಇರುವ ಎಣ್ಣೆಯ ದಾರಿ ಬದಲಿಸುತ್ತದೆ. ಬಕೆಟ್ ಮಡಚುವ ಎರಡು ಹೋಸ್ ಇದರೊಳಗೆ ಹೋಗುತ್ತವೆ. ಎರಡು ಜೋಡಿ ಹೊರಬರುತ್ತವೆ, ಒಂದು ಜೋಡಿ ಬಕೆಟ್ ಸಿಲಿಂಡರ್‌ಗೆ, ಇನ್ನೊಂದು ಗ್ರಾಪಲ್‌ಗೆ. ಒಟ್ಟು ಆರು ತೂತು. ಬಟನ್ ಒತ್ತದಿದ್ದರೆ ಜಾಯ್‌ಸ್ಟಿಕ್ ಎಡ ಬಲ ಮಾಡಿದಾಗ ಬಕೆಟ್ ಆಡುತ್ತದೆ, ಒತ್ತಿ ಹಿಡಿದರೆ ಗ್ರಾಪಲ್ ಆಡುತ್ತದೆ. ನಿಮ್ಮ ಭಾಮೈದ ಹೇಳಿದ ಕರೆಂಟ್ ವಾಲ್ವ್ ಇದೇ ಇರಬೇಕು.

ನಾನು ಮೊದಲು ಡೈವರ್ಟರ್ ಹಾಕಿದೆ. ಎರಡು ವರ್ಷ ಆದ ಮೇಲೆ ಕಿತ್ತು ಬೇರೆ ವಾಲ್ವ್ ಹಾಕಿದೆ. ಬಕೆಟ್ ಮಡಚುತ್ತಾ ಮಡಚುತ್ತಾ ಗ್ರಾಪಲ್ ಬಿಗಿ ಮಾಡಬೇಕು ಅಂದರೆ ಡೈವರ್ಟರ್‌ನಲ್ಲಿ ಆಗುವುದಿಲ್ಲ.

ಉದ್ಯಮಬಾಗ್_ಹುಡುಗ
ಮಂಜಣ್ಣ, ಅಡಕೆ ಸೋಗೆ ಎತ್ತುವುದಕ್ಕೆ ಎರಡೂ ಒಟ್ಟಿಗೆ ಯಾಕೆ ಬೇಕು? ಹಿಡಿ, ಬಟನ್ ಬಿಡು, ಮಡಚು, ನಡಿ. ಡೈವರ್ಟರ್ ಸಾಕು. ನಾನು ಬೆಳಗಾವಿಯಲ್ಲಿ ವಾಲ್ವ್ ಜೋಡಿಸುವ ಕಡೆ ಕೆಲಸ ಮಾಡುತ್ತೇನೆ, ಇಂಥದ್ದು ದಿನಾ ಕೈಯಲ್ಲಿ ಓಡಾಡುತ್ತದೆ. 12 ವೋಲ್ಟ್ ಕಾಯಿಲ್, ಸುಮಾರು 3 ಆಂಪಿಯರ್ ಎಳೆಯುತ್ತದೆ.

ಡೈವರ್ಟರ್‌ನ ದೊಡ್ಡ ಲಾಭ ಯಾರೂ ಹೇಳಲಿಲ್ಲ. ಅದನ್ನು ಲೋಡರ್ ತೋಳುಗಳ ನಡುವಿನ ಅಡ್ಡ ಪೈಪಿನ ಮೇಲೆ ಕೂರಿಸಬಹುದು. ಆಗ ಹೊಸ ಹೋಸ್ ಎಲ್ಲಾ ಒಂದು ಒಂದೂವರೆ ಮೀಟರ್‌ನಲ್ಲಿ ಮುಗಿಯುತ್ತವೆ. ಸೀಟಿನ ಹತ್ತಿರದಿಂದ ಬರಬೇಕಾದ್ದು ವೈರ್ ಮಾತ್ರ. ಬೇರೆ ವಾಲ್ವ್ ಆದರೆ ಹೋಸ್ ಎರಡನ್ನೂ ಟ್ರ್ಯಾಕ್ಟರ್ ನಡುವಿನಿಂದ ಮುಂದಿನ ತುದಿಯವರೆಗೆ ಎಳೆಯಬೇಕು.

ಪಲ್ಟಿನೇಗಿಲು_ಮುಧೋಳ
ವೈರು, ಕಾಯಿಲು, ಬಟನ್ನು. ಮಳೆಗಾಲದಲ್ಲಿ ಇಲಿ ಕಡಿದರೆ ಯಾರನ್ನು ಕರೆಯುತ್ತೀರಿ? ಲಿವರ್ ಇದ್ದರೆ ಲಿವರ್ರೀ. ಆ ಟಿಪ್ಪಿಂಗ್ ಪಾಯಿಂಟ್‌ನಿಂದಲೇ ಒಂದು ಹೋಸ್ ತಂದು ಸಿಂಗಲ್ ಆಕ್ಟಿಂಗ್ ಸಿಲಿಂಡರ್ ಹಾಕಿ. ಹಿಡಿಯುವುದು ಎಣ್ಣೆ, ಬಿಡುವುದು ಸ್ಪ್ರಿಂಗ್.

ಹಳೇಫಿಟ್ಟರ್_ಕೆಜಿಎಫ್
ಆಗುತ್ತದೆ, ಆದರೆ ಬೇಡ. ಬಹಳಷ್ಟು ಟ್ರ್ಯಾಕ್ಟರ್‌ಗಳಲ್ಲಿ ಟಿಪ್ಪಿಂಗ್ ಪಾಯಿಂಟ್‌ಗೆ ಎಣ್ಣೆ ಕೊಡುವುದು ಹಿಂದಿನ ಲಿಫ್ಟ್‌ನ ಲಿವರ್ರೇ. ಟಿಪ್ಪಿಂಗ್ ಕಡೆ ತಿರುಗಿಸಿದಾಗ ಲಿಫ್ಟ್ ಕೆಲಸ ಮಾಡುವುದಿಲ್ಲ. ಲೋಡರ್ ಓಡಿಸುವಾಗ ಲಿಫ್ಟ್‌ನಲ್ಲಿ ಭಾರದ ಪೆಟ್ಟಿಗೆ ತೂಗಿಸಿರುತ್ತೀರಿ ಅಲ್ವಾ? ಅದನ್ನು ಎತ್ತುವುದು ಇಳಿಸುವುದು ಹೇಗೆ? ಜೊತೆಗೆ ಗ್ರಾಪಲ್ ಒಮ್ಮೆ ಮುದುಡಿಕೊಂಡು ಗರಿಯಲ್ಲಿ ಸಿಕ್ಕಿಕೊಂಡರೆ ಬಿಡಿಸುವಷ್ಟು ಬಲ ಸ್ಪ್ರಿಂಗ್‌ಗೆ ಇರುವುದಿಲ್ಲ.

ತೋಟದಮನೆ_ಚನ್ನಗಿರಿ
ಭಾರದ ಪೆಟ್ಟಿಗೆ? ನಾನು ಏನೂ ತೂಗಿಸಿಲ್ಲವಲ್ಲ.

ಹಳೇಫಿಟ್ಟರ್_ಕೆಜಿಎಫ್
ಹಿಂದೆ ಭಾರವಿಲ್ಲದೆ ಒಂದು ವರ್ಷ ಲೋಡರ್ ಓಡಿಸಿದಿರಾ? ದೇವರು ದೊಡ್ಡವನು. ಬಕೆಟ್ ತುಂಬಿದಾಗ ಹಿಂದಿನ ಗಾಲಿ ಹಗುರಾಗುತ್ತದೆ, ಇಳಿಜಾರಿನಲ್ಲಿ ಬ್ರೇಕ್ ಹಾಕಿದರೆ ಗಾಲಿ ಜಾರುತ್ತದೆ, ಭಾರ ಎಲ್ಲಾ ಮುಂದಿನ ಆಕ್ಸಲ್ ಮೇಲೆ. ಗ್ರಾಪಲ್ ಹಾಕಿದ ಮೇಲೆ ಇನ್ನೂ ಜಾಸ್ತಿ. ಗ್ರಾಪಲ್ 70 ಕೆಜಿ ತೂಗಿದರೆ ನೀವು ಎತ್ತುವ ಮಾಲಿನಲ್ಲಿ 70 ಕೆಜಿಗಿಂತ ಜಾಸ್ತಿಯೇ ಕಡಿಮೆಯಾಯಿತು, ಯಾಕೆಂದರೆ ಅದು ತೋಳಿನ ತುತ್ತತುದಿಯಲ್ಲಿ ಕೂತಿರುತ್ತದೆ. ಮೊದಲು ಒಂದು ಡ್ರಮ್ಮಿಗೆ ಕಾಂಕ್ರೀಟ್ ತುಂಬಿ ಹಿಂದೆ ತೂಗಿಸಿ. ಗ್ರಾಪಲ್ ಮಾತು ಆಮೇಲೆ.

ಸೊಪ್ಪಿನಬೆಟ್ಟ
ನಡುವೆ ಬಾಯಿ ಹಾಕುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಸೋಗೆ ಎತ್ತಿ ಹೊರಗೆ ಯಾಕೆ ಸಾಗಿಸಬೇಕು? ಕಡಿದು ಮರದ ಬುಡಕ್ಕೆ ಹಾಕಿದರೆ ಅದೇ ಗೊಬ್ಬರ, ತೇವವೂ ನಿಲ್ಲುತ್ತದೆ. ನಮ್ಮ ಅಜ್ಜನ ಕಾಲದಿಂದ ಸೋಗೆ ತೋಟ ಬಿಟ್ಟು ಹೊರಗೆ ಹೋಗಿದ್ದು ಮಳೆಗಾಲದಲ್ಲಿ ಮಾಡು ಹೊದಿಸುವುದಕ್ಕೆ ಮಾತ್ರ.

ತೋಟದಮನೆ_ಚನ್ನಗಿರಿ
ಹಾಕುತ್ತಿದ್ದೆವು ಸ್ವಾಮಿ. ಎಲೆಚುಕ್ಕೆ ಶುರುವಾದ ಮೇಲೆ ರೋಗದ ಸೋಗೆ ತೋಟದಲ್ಲಿ ಬಿಡಬೇಡಿ ಅಂದರು. ಈಗ ಅದನ್ನು ಬೇರೆ ಮಾಡಿ ಹೊರಗೆ ಸುಡುತ್ತೇವೆ.

ಸೊಪ್ಪಿನಬೆಟ್ಟ
ಹಾಗಾದರೆ ಸರಿ. ನಮ್ಮಲ್ಲೂ ಎಲೆಚುಕ್ಕೆ ಬಂದು ಅರ್ಧ ತೋಟ ಸೊರಗಿದೆ. ಆದರೆ ನಮ್ಮ ತೋಟಕ್ಕೆ ಎರಡು ಸಾಲಿಗೊಂದು ಬಸಿಗಾಲುವೆ, ಟ್ರ್ಯಾಕ್ಟರ್ ಬಿಡಿ, ಕೈಗಾಡಿ ಹೋದರೆ ಹೆಚ್ಚು. ನಿಮ್ಮ ಬಯಲು ತೋಟದ ಸುಖವೇ ಬೇರೆ.

ಹಾಲುಮನೆ
ಸೋಗೆ ರಾಶಿಯಲ್ಲಿ ಹಾವಿರುತ್ತದೆ, ಕೈಯಲ್ಲಿ ಎತ್ತುವುದಕ್ಕಿಂತ ಗ್ರಾಪಲ್ ವಾಸಿ. ಇದೊಂದೇ ಕಾರಣಕ್ಕೆ ನನ್ನ ವೋಟು ಗ್ರಾಪಲ್‌ಗೆ.

ನಿರ್ವಾಹಕ
ಎಲೆಚುಕ್ಕೆಗೆ ಬೇರೆ ಎಳೆ ಇದೆ, ಹಾವಿಗೂ ಇದೆ. ಇಲ್ಲಿ ಎಣ್ಣೆ ಮಾತ್ರ.

ರಾಗಿಕಣ_ತುಮಕೂರು
ಎಣ್ಣೆ ಬಗ್ಗೆಯೇ ಕೇಳುತ್ತೇನೆ. ಹೇಗೂ ಮುಂದಕ್ಕೆ ಎಣ್ಣೆ ಬಂತು ಅಂದಮೇಲೆ ಗುಂಡಿ ತೋಡುವ ಆಗರ್, ಪೊದೆ ಕಡಿಯುವ ಕಟರ್ ಎಲ್ಲಾ ಲೋಡರ್ ತುದಿಗೇ ಹಾಕಬಹುದಲ್ಲಾ? ಯೂಟ್ಯೂಬಿನಲ್ಲಿ ನೋಡಿದೆ, ಬೆಣ್ಣೆ ಕಡಿದ ಹಾಗೆ ಹೋಗುತ್ತೆ.

ಹಳೇಫಿಟ್ಟರ್_ಕೆಜಿಎಫ್
ಯೂಟ್ಯೂಬಿನಲ್ಲಿ ನೋಡಿದ್ದು ಸ್ಕಿಡ್ ಸ್ಟಿಯರ್ ಅನ್ನುವ ಬೇರೆ ಜಾತಿಯ ಲೋಡರ್ ಯಂತ್ರ ಇರಬೇಕು, ಅದರ ಪಂಪೇ ಬೇರೆ. ಲೆಕ್ಕ ಹಾಕೋಣ. ನಿಮಿಷದ ಲೀಟರನ್ನು ಒತ್ತಡದ ಬಾರ್‌ನಿಂದ ಗುಣಿಸಿ 600ರಿಂದ ಭಾಗಿಸಿದರೆ ಕಿಲೋವ್ಯಾಟ್ ಬರುತ್ತದೆ. ನಿಮಿಷಕ್ಕೆ 20 ಲೀಟರ್, 150 ಬಾರ್ ಅಂದರೆ 5 ಕಿಲೋವ್ಯಾಟ್. ಅಂದರೆ 6.7 ಎಚ್‌ಪಿ, ಅದೂ ನಷ್ಟ ಕಳೆಯುವ ಮೊದಲು. ಇದರಲ್ಲಿ ಪೊದೆ ಕಡಿಯುವುದು ಕನಸು. ಆಗರ್ ನಿಧಾನಕ್ಕೆ ತಿರುಗೀತು, ಮಧ್ಯಾಹ್ನದ ಹೊತ್ತಿಗೆ ಎಣ್ಣೆ ಕೈ ಇಡಲಾಗದಷ್ಟು ಬಿಸಿ. ಹಿಂದೆ ಪಿಟಿಒ (ಎಂಜಿನ್ ಬಲದಿಂದ ತಿರುಗುವ ಶಾಫ್ಟ್) ಇದೆ, ಗುಂಡಿಗೆ ಪಿಟಿಒ ಆಗರ್ ಹಾಕಿ.

ಗ್ರಾಪಲ್ ಬೇರೆ ಮಾತು. ಅದು ಎಣ್ಣೆ ಕೇಳುವುದು ಒಂದೆರಡು ಸೆಕೆಂಡು ಮಾತ್ರ. 50 ಎಂಎಂ ಬೋರ್, 200 ಎಂಎಂ ಓಟದ ಸಿಲಿಂಡರ್ ತುಂಬಲು 0.4 ಲೀಟರ್ ಕೂಡ ಬೇಡ. 20 ಲೀಟರ್ ಪಂಪಿಗೆ ಅದು ಸುಮಾರು 1.2 ಸೆಕೆಂಡಿನ ಕೆಲಸ. 150 ಬಾರ್‌ನಲ್ಲಿ ಆ ಸಿಲಿಂಡರ್ ತಳ್ಳುವ ಬಲ ಹತ್ತಿರ ಹತ್ತಿರ 3 ಟನ್. ಹಲ್ಲಿನ ತುದಿಗೆ ಅಷ್ಟು ಬರುವುದಿಲ್ಲ, ಆದರೂ ಗರಿಗೆ ಧಾರಾಳ. ಬಕೆಟ್ ಬಾಯಿ ಸೊಟ್ಟಗಾಗದಂತೆ ನೋಡಿಕೊಳ್ಳಿ, ಚಿಂತೆ ಮಾಡಬೇಕಾದ್ದು ಅದಕ್ಕೆ.

ರಾಗಿಕಣ_ತುಮಕೂರು
ಸರಿ ಗುರುಗಳೇ. ಪಿಟಿಒ ಆಗರ್ ಬಾಡಿಗೆಗೆ ತರುತ್ತೇನೆ.

ಉದ್ಯಮಬಾಗ್_ಹುಡುಗ
ಡೈವರ್ಟರ್ ತೆಗೆದುಕೊಳ್ಳುವುದಾದರೆ ಜೊತೆಗೆ ಡಬಲ್ ಪೈಲಟ್ ಚೆಕ್ ವಾಲ್ವ್ ಒಂದನ್ನು ಗ್ರಾಪಲ್ ಲೈನಿಗೆ ಹಾಕಿ. ಸ್ಪೂಲ್ ವಾಲ್ವ್ (ಒಳಗೆ ಜಾರುವ ಕಡ್ಡಿ ಎಣ್ಣೆಯ ದಾರಿ ಬದಲಿಸುವಂಥದ್ದು) ಅಂದಮೇಲೆ ಒಳಗೆ ಸ್ವಲ್ಪ ಸೋರಿಕೆ ಇದ್ದೇ ಇರುತ್ತದೆ. ಹಿಡಿದದ್ದು ಹತ್ತು ನಿಮಿಷಕ್ಕೆ ಸಡಿಲಾಗಿ ದಾರಿಯಲ್ಲಿ ಉದುರುತ್ತದೆ. ಚೆಕ್ ವಾಲ್ವ್ ಇದ್ದರೆ ನೀವು ಬಿಡು ಅನ್ನುವವರೆಗೂ ಬಿಡುವುದಿಲ್ಲ. ಬಟನ್‌ನಿಂದ ನೇರ ಕಾಯಿಲ್‌ಗೆ ಕರೆಂಟ್ ಕೊಡಬೇಡಿ. ನಡುವೆ ರಿಲೇ ಇರಲಿ, 10 ಆಂಪಿಯರ್ ಫ್ಯೂಸ್ ಇರಲಿ.

ನಾರ್ತ್‌ಕೆರೊಲಿನಾ_ಮಂಜ
ಇನ್ನೊಂದು ಮಾತು. ಜಾಯ್‌ಸ್ಟಿಕ್ ಸುರಿಯುವ ಕಡೆ ತಳ್ಳಿದಾಗ ಎರಡು ಹಂತ ಇದೆಯಾ ನೋಡಿ. ಎರಡನೇ ಹಂತದಲ್ಲಿ ಬಕೆಟ್ ಬೇಗ ಸುರಿದರೆ ಅದು ರೀಜನ್, ಅಂದರೆ ಸಿಲಿಂಡರ್‌ನ ಒಂದು ಕಡೆಯಿಂದ ಹೊರಬರುವ ಎಣ್ಣೆಯನ್ನೇ ಇನ್ನೊಂದು ಕಡೆಗೆ ಕೊಡುವ ಏರ್ಪಾಡು. ಅಲ್ಲಿ ವೇಗ ಸಿಗುತ್ತದೆ, ಬಲ ಸಿಗುವುದಿಲ್ಲ. ಗ್ರಾಪಲ್ ಮುಚ್ಚುವ ದಿಕ್ಕು ಆ ಕಡೆ ಬಂದರೆ ಲಿವರ್ ಪೂರ್ತಿ ತಳ್ಳಿದಷ್ಟೂ ಹಿಡಿತ ಸಡಿಲ. ನಾನು ಇದನ್ನು ಅರ್ಥ ಮಾಡಿಕೊಳ್ಳಲು ಒಂದು ಭಾನುವಾರ ಪೂರ್ತಿ ಹಾಳು ಮಾಡಿದೆ.

ಹಾಲುಮನೆ
ಖರ್ಚು ಎಷ್ಟಾಗುತ್ತೆ ಅಂತ ಯಾರೂ ಬಾಯಿ ಬಿಡುತ್ತಿಲ್ಲ.

ಸುಮ್ನೆ_ಓದುವವ
ವಾಲ್ವ್‌ಗಿಂತ ಅದರ ಸುತ್ತ ಹಾಕುವ ನಿಪ್ಪಲ್, ಎಲ್ಬೋ, ಹೋಸ್, ಕಪ್ಲಿಂಗ್‌ಗೆ ಜಾಸ್ತಿ ಆಗುತ್ತದೆ. ನನಗೆ ಹಾಗೇ ಆಯಿತು. ಮದುವೆಗಿಂತ ಬೀಗರ ಊಟದ ಖರ್ಚು ಹೆಚ್ಚು ಅಂದ ಹಾಗೆ.

ಪಲ್ಟಿನೇಗಿಲು_ಮುಧೋಳ
ಡಿಸಿವಿ ಇದ್ದಿದ್ದರೆ ಎರಡು ಹೋಸ್ ಅಷ್ಟೇ. ಸುಮ್ನೆ ಹೇಳುತ್ತಿದ್ದೇನೆ.

ನಾರ್ತ್‌ಕೆರೊಲಿನಾ_ಮಂಜ
ಅಣ್ಣಾ, ನಿಮ್ಮ ಡಿಸಿವಿ ಲಿವರ್ ಲಾಕ್ ಆಗಿ ಕೂತರೆ ಏನಾಗುತ್ತದೆ? ಗ್ರಾಪಲ್ ಪೂರ್ತಿ ಮುಚ್ಚಿದ ಮೇಲೂ ಪಂಪು ತಳ್ಳುತ್ತಲೇ ಇರುತ್ತದೆ, ಒತ್ತಡ ಮಿತಿ ಮೀರದಂತೆ ಎಣ್ಣೆ ಬಿಡುವ ರಿಲೀಫ್ ವಾಲ್ವ್ ಕಿರುಚುತ್ತಿರುತ್ತದೆ.

ಪಲ್ಟಿನೇಗಿಲು_ಮುಧೋಳ
ಕಿರುಚಿದಾಗ ಕೈಯಿಂದ ತಳ್ಳುತ್ತೇನ್ರೀ. ಕಿವಿ ಇದೆಯಲ್ಲ! (ನಿಜ ಹೇಳಬೇಕೆಂದರೆ ಒಂದು ಸಲ ಫೋನಿನಲ್ಲಿ ಮಾತಾಡುತ್ತಾ ಮರೆತಿದ್ದೆ. ಎಣ್ಣೆ ಕಾದು ವಾಸನೆ ಬಂದಿತ್ತು.)

ಗಾಯತ್ರಿ_ಅರಸೀಕೆರೆ
ಹೋಸ್ ಬಗ್ಗೆ ಒಂದು ಎಚ್ಚರಿಕೆ ಹೇಳುತ್ತೇನೆ, ದಯವಿಟ್ಟು ತಮಾಷೆ ಮಾಡಬೇಡಿ. ನಮ್ಮ ಚಿಕ್ಕಪ್ಪ ಸೋರುತ್ತಿದ್ದ ಹೋಸ್ ಮೇಲೆ ಬೆರಳು ಇಟ್ಟು ಎಲ್ಲಿಂದ ಅಂತ ಸವರಿ ನೋಡಿದರು. ಎಂಜಿನ್ ಓಡುತ್ತಿತ್ತು. ಬೆರಳ ತುದಿಗೆ ಸೂಜಿ ಚುಚ್ಚಿದಷ್ಟು ಗಾಯ, ರಕ್ತವೂ ಸರಿಯಾಗಿ ಬರಲಿಲ್ಲ. ಅರಿಶಿನ ಹಚ್ಚಿ ಊಟಕ್ಕೆ ಕೂತರು. ಸಂಜೆಗೆ ಬೆರಳು ಬಾಳೆಹಣ್ಣಿನ ಹಾಗೆ ಊದಿತು. ತೋರಿಸಿದ ಮೊದಲ ಕಡೆ ಟಿಟಿ ಇಂಜೆಕ್ಷನ್ ಕೊಟ್ಟು ಕಳಿಸಿದರು. ಮರುದಿನ ದೊಡ್ಡ ಆಸ್ಪತ್ರೆಯಲ್ಲಿ ಬೆರಳಿನಿಂದ ಅಂಗೈವರೆಗೆ ಸೀಳಿ ಒಳಗಿನ ಎಣ್ಣೆ ತೊಳೆದರು. ಬೆರಳು ಉಳಿಯಿತು, ಮಡಚುವುದಕ್ಕೆ ಈಗಲೂ ಬರುವುದಿಲ್ಲ.

ಸೋರಿಕೆ ಹುಡುಕಬೇಕಾದರೆ ರಟ್ಟಿನ ತುಂಡು ಹಿಡಿಯಿರಿ, ಕೈ ಬೇಡ. ಇಂಥ ಗಾಯ ಎಷ್ಟೇ ಸಣ್ಣದಿರಲಿ, ಒಳಗೆ ಎಣ್ಣೆ ನುಗ್ಗಿದೆ ಅಂತ ಹೇಳಿ ತಕ್ಷಣ ಸರ್ಜನ್‌ಗೇ ತೋರಿಸಿ.

ಹಳೇಫಿಟ್ಟರ್_ಕೆಜಿಎಫ್
ಈ ತಾಯಿ ಹೇಳಿದ್ದನ್ನು ಎಲ್ಲರೂ ಎರಡು ಸಲ ಓದಿ. ಪೈಪು ಬಿಚ್ಚುವ ಮೊದಲು ಬಕೆಟ್ ನೆಲಕ್ಕೆ, ಎಂಜಿನ್ ಬಂದ್, ಆಮೇಲೆ ಲಿವರನ್ನು ನಾಲ್ಕೂ ಕಡೆ ಆಡಿಸಿ ಒತ್ತಡ ಇಳಿಸಿ.

ಹೋಸ್ ಕೊಳ್ಳುವಾಗ ಜೆಸಿಬಿ ಹೋಸ್ ಪ್ರೆಸ್ ಮಾಡುವ ಅಂಗಡಿಗೆ ಹೋಗಿ, ಎರಡು ತಂತಿ ಹೆಣಿಗೆಯದು ಕೇಳಿ. 3/8 ಇಂಚಿನ ಒಂದು ಹೆಣಿಗೆಯ ಹೋಸ್ 180 ಬಾರ್‌ಗೆ, ಎರಡು ಹೆಣಿಗೆಯದು 330 ಬಾರ್‌ಗೆ. ನಿಮ್ಮ ರಿಲೀಫ್ 150ರ ಆಸುಪಾಸಿನಲ್ಲಿದ್ದರೂ ಗುಂಡಿಗೆ ಗಾಲಿ ಬಿದ್ದಾಗ ಒತ್ತಡ ಗಕ್ಕನೆ ಏರುತ್ತದೆ. ದುಡ್ಡು ಉಳಿಸುವ ಜಾಗ ಇದಲ್ಲ.

ಸುಮ್ನೆ_ಓದುವವ
ನಲ್ಲಿಗೆ ಸುತ್ತುವ ಬಿಳಿ ಟೇಪ್ ಹತ್ತಿರಕ್ಕೂ ತರಬೇಡಿ. ಅದರ ಚೂರು ನನ್ನ ವಾಲ್ವ್ ಒಳಗೆ ಹೋಗಿ ಸ್ಪೂಲ್ ಸಿಕ್ಕಿಕೊಂಡಿತ್ತು. ಲಿವರ್ ಬಿಟ್ಟರೂ ಬಕೆಟ್ ತಾನೇ ಮಡಚಿಕೊಳ್ಳುತ್ತಿತ್ತು, ಭೂತ ಹಿಡಿದ ಹಾಗೆ.

ತೋಟದಮನೆ_ಚನ್ನಗಿರಿ
ಎಲ್ಲರಿಗೂ ಶರಣು. ಡೈವರ್ಟರ್ ಅಂತ ತೀರ್ಮಾನ ಮಾಡಿದೆ. ಮೊದಲು ಕಾಂಕ್ರೀಟ್ ಡ್ರಮ್. ಮುಗಿಸಿ ಬಂದು ಹೇಳುತ್ತೇನೆ.

ಹಾಲುಮನೆ
(ಮೂರು ವಾರ ಆಯಿತು) ಏನಾಯ್ತು ಯಜಮಾನ್ರೇ? ಡ್ರಮ್ ಒಣಗಿತಾ?

ತೋಟದಮನೆ_ಚನ್ನಗಿರಿ
ಮುಗಿಯಿತು! ನಡೆದದ್ದು ನಡೆದ ಹಾಗೆ ಹೇಳುತ್ತೇನೆ.

ಡ್ರಮ್ ತೂಗಿಸಿದ ದಿನವೇ ಫಿಟ್ಟರ್ ಸರ್‌ಗೆ ಮನಸ್ಸಿನಲ್ಲಿ ಕೈ ಮುಗಿದೆ. ಇಷ್ಟು ದಿನ ಏರಿನಲ್ಲಿ ಗಾಲಿ ಸುತ್ತುತ್ತಿದ್ದದ್ದು ಟೈರ್ ಸವೆದು ಅಂದುಕೊಂಡಿದ್ದೆ.

ಡೈವರ್ಟರ್, ಚೆಕ್ ವಾಲ್ವ್ ಬಂತು. ಅಡ್ಡ ಪೈಪಿನ ಮೇಲೆ ಪಟ್ಟಿ ಹಾಕಿ ಕೂರಿಸಿದೆವು. ಮೊದಲ ಎಡವಟ್ಟು ಥ್ರೆಡ್‌ನದು. ಲೋಡರ್ ಹೋಸ್‌ನದು ಎಂ16 ಅನ್ನುವ ಮಿಲಿಮೀಟರ್ ಅಳತೆ, ಡೈವರ್ಟರ್‌ನದು 3/8 ಬಿಎಸ್‌ಪಿ ಅನ್ನುವ ಇಂಚಿನ ಅಳತೆ. ಕಣ್ಣಿಗೆ ಎರಡೂ ಒಂದೇ. ಎರಡು ಸುತ್ತು ಸಲೀಸಾಗಿ ಹೋಗಿ ಆಮೇಲೆ ಬಿಗಿಯಿತು. ವೆಲ್ಡಿಂಗ್ ಅಂಗಡಿಯವನು ಸ್ಪ್ಯಾನರ್‌ಗೆ ಪೈಪು ಸಿಕ್ಕಿಸಿ ಒತ್ತೋಣ ಅಂದ. ನಾನು ಬಿಡಲಿಲ್ಲ. ಹೋಸ್ ಅಂಗಡಿಯ ಹುಡುಗ ಹಲ್ಲು ಅಳೆಯುವ ಗೇಜ್ ಇಟ್ಟು ತೋರಿಸಿದ, ಒಂದರ ಹಲ್ಲು 1.5 ಎಂಎಂ, ಇನ್ನೊಂದರದು ಇಂಚಿಗೆ 19. ಅಡಾಪ್ಟರ್ ನಾಲ್ಕು, ಸೋರದಂತೆ ತಡೆಯುವ ಡೌಟಿ ವಾಷರ್ ಒಂದು ಹಿಡಿ. ಬೀಗರ ಊಟದ ಮಾತು ನಿಜ.

ಎರಡನೆಯದು ನನ್ನದೇ ತಪ್ಪು. ಹೋಸ್ ಅಳತೆಯನ್ನು ಬಕೆಟ್ ನೆಲದ ಮೇಲಿದ್ದಾಗ ತೆಗೆದುಕೊಂಡಿದ್ದೆ. ತೋಳು ಮೇಲೆತ್ತಿ ಬಕೆಟ್ ಪೂರ್ತಿ ಸುರಿದಾಗ ಗ್ರಾಪಲ್ ಹೋಸ್ ವೀಣೆ ತಂತಿ ಹಾಗೆ ಎಳೆದು ನಿಂತಿತು. ಪುಣ್ಯಕ್ಕೆ ನಿಧಾನಕ್ಕೆ ಆಡಿಸಿ ನೋಡುತ್ತಿದ್ದೆ. ಒಂದು ಗೇಣು ಹೆಚ್ಚು ಉದ್ದದ ಇನ್ನೊಂದು ಜೋಡಿ ಮಾಡಿಸಿದೆ. ಮೊದಲ ಜೋಡಿ ಗೋಡೆಗೆ ನೇತುಹಾಕಿದ್ದೇನೆ, ಯಾರಿಗಾದರೂ ಬೇಕಾ?

ಮೂರನೆಯದು, ಮುಚ್ಚು ಅಂದರೆ ತೆರೆಯಿತು. ಎರಡು ಹೋಸ್ ಅದಲುಬದಲು ಮಾಡಿದೆ. ಮಂಜಣ್ಣ ಹೇಳಿದ ರೀಜನ್ ನನ್ನ ವಾಲ್ವ್‌ನಲ್ಲಿಲ್ಲ.

ಹೊಸ ಹೋಸ್, ಸಿಲಿಂಡರ್ ತುಂಬಿದ ಮೇಲೆ ಟ್ರ್ಯಾಕ್ಟರ್ ಎಣ್ಣೆ ಒಂದು ಲೀಟರ್ ಹತ್ತಿರ ಇಳಿದಿತ್ತು. ಪುಸ್ತಕದಲ್ಲಿ ಹೇಳಿದ ಎಣ್ಣೆಯನ್ನೇ ಹಾಕಿದೆ.

ಈಗ ಹತ್ತು ಗರಿ ಎತ್ತಿದರೆ ಹತ್ತೂ ರಾಶಿಗೆ ಬರುತ್ತವೆ. ನಿನ್ನೆ ಒಬ್ಬನೇ ಎರಡು ಎಕರೆ ಆರಿಸಿದೆ.

ಹಳೇಫಿಟ್ಟರ್_ಕೆಜಿಎಫ್
ಶಭಾಷ್. ಸ್ಪ್ಯಾನರ್‌ಗೆ ಪೈಪು ಹಾಕಲು ಬಿಡದಿದ್ದದ್ದೇ ದೊಡ್ಡ ಕೆಲಸ. ಗ್ರಾಪಲ್ ಬಿಚ್ಚಿ ಬಿಸಿಲಿನಲ್ಲಿ ಇಟ್ಟರೆ ಒಳಗಿನ ಎಣ್ಣೆ ಹಿಗ್ಗಿ ಕ್ವಿಕ್ ಕಪ್ಲಿಂಗ್ ಮತ್ತೆ ಸೇರುವುದಿಲ್ಲ. ಅದಕ್ಕೆ ಕಪ್ಲಿಂಗ್ ಬಿಚ್ಚುವ ಮೊದಲು ಒತ್ತಡ ಇಳಿಸಿ. ಡೈವರ್ಟರ್‌ನಲ್ಲಿ ಒಂದು ಸೂಕ್ಷ್ಮ ಇದೆ. ಎಂಜಿನ್ ಬಂದ್ ಮಾಡಿ, ಕೀ ಮಾತ್ರ ಆನ್ ಇಟ್ಟು, ಬಟನ್ ಒತ್ತಿ ಹಿಡಿದೇ ಲಿವರ್ ಎಡ ಬಲ ಆಡಿಸಬೇಕು. ಕಾಯಿಲ್‌ಗೆ ಕರೆಂಟ್ ಇಲ್ಲದಿದ್ದರೆ ಗ್ರಾಪಲ್ ಕಡೆಯ ದಾರಿ ತೆರೆಯುವುದೇ ಇಲ್ಲ. ನಿಮ್ಮದಕ್ಕೆ ಚೆಕ್ ವಾಲ್ವ್ ಬೇರೆ ಇದೆ, ಹಿಡಿತ ಸಡಿಲ ಮಾಡಿ ಗ್ರಾಪಲ್ ಬಕೆಟ್‌ಗೆ ತಾಗುವಂತೆ ಸುಮ್ಮನೆ ಒರಗಿಸಿದ ಮೇಲೆಯೇ ಇದನ್ನು ಮಾಡಿ.

ಪಲ್ಟಿನೇಗಿಲು_ಮುಧೋಳ
ಅಭಿನಂದನೆ ಸಾಹೇಬ್ರ. ಇಲಿ ಬಂದಾಗ ನೆನಪಿಸಿಕೊಳ್ಳಿ.

ರಾಗಿಕಣ_ತುಮಕೂರು
ಬಟನ್ ಎಲ್ಲಿ ಸಿಕ್ಕಿತು? ಜಾಯ್‌ಸ್ಟಿಕ್ ಗುಂಡು ಬದಲಾಯಿಸಿದಿರಾ?

ತೋಟದಮನೆ_ಚನ್ನಗಿರಿ
ಇಲ್ಲ ಮಾರಾಯ್ರೇ. ಆಟೋ ಹಾರ್ನ್ ಬಟನ್ ತಂದು ಜಾಯ್‌ಸ್ಟಿಕ್ ಕಾಂಡಕ್ಕೆ ಕ್ಲಾಂಪ್ ಹಾಕಿ ಬಿಗಿದೆ, ಹೆಬ್ಬೆರಳಿಗೆ ಸರಿಯಾಗಿ ಸಿಗುತ್ತದೆ. ರಿಲೇ ಇರುವುದರಿಂದ ಬಟನ್ ಮೇಲೆ ಹೊರೆಯಿಲ್ಲ. ಒಂದೇ ತೊಂದರೆ, ಅದರ ಮೇಲೆ ಹಾರ್ನ್ ಚಿತ್ರ ಹಾಗೇ ಇದೆ. ಮೊನ್ನೆ ನಮ್ಮಪ್ಪ ಕಣದಲ್ಲಿ ಅಡ್ಡ ನಿಂತ ಎಮ್ಮೆ ಓಡಿಸಲು ಅದನ್ನು ಐದಾರು ಸಲ ಒತ್ತಿದರು. ಮುಂದೆ ಡೈವರ್ಟರ್ ಟಕ್ ಟಕ್ ಅನ್ನುತ್ತಿತ್ತು, ಎಮ್ಮೆ ಕಿವಿಯನ್ನೂ ಆಡಿಸಲಿಲ್ಲ. "ಅಷ್ಟು ದುಡ್ಡು ಹಾಕಿದೀಯ, ಹಾರ್ನೇ ಕೇಳಲ್ಲ" ಅಂತ ಮನೆಯಲ್ಲೆಲ್ಲಾ ಹೇಳಿಕೊಂಡು ತಿರುಗುತ್ತಿದ್ದಾರೆ.